ಮರಳಿ ಬಂದ ಸಿಪಾಯಿಯ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹಳ್ಳಿಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಪದ್ಧತಿ ಬೇರೂರಿದೆ. ಸೇನೆಯಿಂದ ನಿವೃತ್ತನಾಗಿ ಬರುವ ಸಿಪಾಯಿಯನ್ನು ಊರವರು ಅಗಸಿಯಲ್ಲೇ ಎದುರುಗೊಳ್ಳುತ್ತಾರೆ. ತೆರೆದ ಜೀಪಿನಲ್ಲಿ ನಿಲ್ಲಿಸಿ, ಡೊಳ್ಳು ಬಾರಿಸಿ, ಹೂವು ತೂರಿ, ಹನುಮಪ್ಪನ ಗುಡಿಯವರೆಗೆ ಮೆರವಣಿಗೆ ಮಾಡುತ್ತಾರೆ. ಹೆಣ್ಣುಮಕ್ಕಳು ಆರತಿ ಬೆಳಗುತ್ತಾರೆ, ಪಂಚಾಯಿತಿಯವರು ಶಾಲು ಹೊದಿಸುತ್ತಾರೆ. ಮರುದಿನದಿಂದ ಆತ ಊರಿಗೆ ‘ಮಿಲ್ಟ್ರಿಯವರು’. ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಅಂಥ ಮನುಷ್ಯನ ಫ್ಲೆಕ್ಸ್ ಹಾರೂಗೇರಿ ಕ್ರಾಸಿನಲ್ಲೋ ತನ್ನೂರಿನ ಬಸ್ ನಿಲ್ದಾಣದ ಎದುರಿಗೋ ಕಾಣುತ್ತದೆ. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಸಾಲಿನ ಕೆಳಗೆ ಸಮವಸ್ತ್ರದ ಹಳೆಯ ಫೋಟೊ, ಹೆಸರಿನ ಮುಂದೆ ‘ಮಾಜಿ ಸೈನಿಕ’, ಎರಡು ತಾರೀಕು, ‘ದುಃಖತಪ್ತ ಕುಟುಂಬದವರು’. ಊರಿಗೆ ಮರಳಿದ ದಿನಕ್ಕೂ ಈ ಫ್ಲೆಕ್ಸಿಗೂ ನಡುವಿನ ಬದುಕಿನಲ್ಲಿ ಆತ ಸರಕಾರಿ ನೌಕರಿ ಮಾಡಿದ್ದಾನೆ, ಮಕ್ಕಳನ್ನು ಓದಿಸಿದ್ದಾನೆ, ಹೊಲದ ಬದುವಿನ ತಂಟೆ ಬಗೆಹರಿಸಿದ್ದಾನೆ, ಊರ ಶಾಲೆಗೆ ಕೋಣೆ ಕಟ್ಟಿಸಲು ಓಡಾಡಿದ್ದಾನೆ. ಇವು ಎಲ್ಲಿಯೂ ಬರೆದಿರುವುದಿಲ್ಲ. ಈ ಮರೆವನ್ನು ಇಂದಿನವರ ಅಸಡ್ಡೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಬೇರು ಹಳೆಯದು. ಕನ್ನಡ ನಾಡು ಸಾವಿರ ವರ್ಷಗಳಿಂದ ಸಿಪಾಯಿಯ ಸಾವನ್ನು ಕಲ್ಲಿನಲ್ಲಿಯೂ ಸೇವೆಯನ್ನು ಹೊಲದಲ್ಲಿಯೂ ನೆನಪಿಟ್ಟುಕೊಂಡು ಬಂದಿದೆ. ಬದುಕಿ ಮರಳಿದವನ ಬದುಕನ್ನು ದಾಖಲಿಸುವ ರೂಢಿ ನಮ್ಮಲ್ಲಿ ಬೆಳೆಯಲೇ ಇಲ್ಲ ಎಂಬುದು ನನ್ನ ವಾದ.

ಮೊದಲು ಕಲ್ಲಿನ ಸಾಕ್ಷ್ಯ ನೋಡೋಣ. ಉತ್ತರ ಕರ್ನಾಟಕದ ಹಳೆಯ ಊರುಗಳಲ್ಲಿ ಗುಡಿಯ ಪೌಳಿಗೆ ಒರಗಿಸಿಟ್ಟ, ಎಣ್ಣೆ ಸುರಿದು ಕಪ್ಪಾದ ವೀರಗಲ್ಲುಗಳು ಸಾಮಾನ್ಯ. ಅವುಗಳ ರಚನೆ ಹೆಚ್ಚುಕಡಿಮೆ ಒಂದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಎರಡೂ ಬದಿಯಿಂದ ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಎದುರು ಕೈಮುಗಿದು ಕುಳಿತ ವೀರ, ಅದರ ಮೇಲೆ ಸೂರ್ಯ ಚಂದ್ರ. ಲಿಪಿ ಇದ್ದರೆ ಅದು ಹೇಳುವುದೂ ಗೊತ್ತಾದ ಸಂಗತಿಗಳನ್ನೇ: ಯಾವ ಅರಸನ ಕಾಲ, ಯಾರ ಮಗ, ತುರುಗಳನ್ನು ಬಿಡಿಸಲು ಹೋಗಿಯೋ ಊರಿನ ಮೇಲೆ ಬಿದ್ದವರನ್ನು ತಡೆಯಲು ಹೋಗಿಯೋ ಹೇಗೆ ಬಿದ್ದ ಎಂಬುದು. ಆತ ಬದುಕಿದ್ದಾಗ ಏನು ಮಾಡುತ್ತಿದ್ದ ಎಂಬುದಕ್ಕೆ ಕಲ್ಲಿನಲ್ಲಿ ಜಾಗವಿಲ್ಲ. ಮನೆಯವರ ವಿಷಯದಲ್ಲಿಯೂ ಕಲ್ಲು ಇದೇ ನಿಯಮ ಪಾಲಿಸುತ್ತದೆ. ಗಂಡನ ಚಿತೆ ಏರಿದವಳಿಗೆ ಬಳೆ ತೊಟ್ಟ ಎತ್ತಿದ ಕೈಯ ಮಾಸ್ತಿಗಲ್ಲು ಸಿಕ್ಕಿತು. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಬದುಕಿ ಮಕ್ಕಳನ್ನು ದಡ ಸೇರಿಸಿದವಳಿಗೆ ಕಲ್ಲು ಸಿಕ್ಕಲಿಲ್ಲ. ನಮ್ಮ ಸ್ಮಾರಕ ಶಿಲ್ಪದಲ್ಲಿ ನೆನಪಿಗೆ ಅರ್ಹತೆ ಬರುವುದೇ ಸಾವಿನ ರೀತಿಯಿಂದ.

ಬದುಕಿ ಉಳಿದವನನ್ನು ಆ ಕಾಲದವರು ಕೈಬಿಟ್ಟರೆಂದು ಇದರರ್ಥವಲ್ಲ. ಅವನಿಗೆ ಬೇರೆ ಏರ್ಪಾಟಿತ್ತು, ಅದೇ ಭೂಮಿ. ಹೋರಾಡಿ ಗೆದ್ದು ಬಂದವನಿಗೆ ಕತ್ತಿ ತೊಳೆದು ಕೊಡುವ ದತ್ತಿಯನ್ನು ಶಾಸನಗಳು ಬಾಳ್ಗಚ್ಚು ಎನ್ನುತ್ತವೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ನೆಲದ ಗೌರವ, ಕಲ್ಲಿನ ಗೌರವ ಎರಡೂ ಒಂದೇ ಕಡೆ ಕಾಣುವುದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ. ಕ್ರಿ.ಶ. 949–50ರ ಆ ಕಲ್ಲು ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರ ವಿರುದ್ಧ ಕಾದಿದ ಸಂದರ್ಭದ್ದು. ಬೂತುಗನ ಭಟ ಮಣಲೇರ ಮೆಚ್ಚುವಂತೆ ಕಾದಿದ. ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಂದರ ಜೊತೆ ಹೋರಾಡಿ ಸತ್ತಿತು. ನಾಯಿಯ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು, ಪೂಜೆಗೆ ಗದ್ದೆ ಬಿಟ್ಟರು. ಯುದ್ಧದಿಂದ ಜೀವಂತ ಮರಳಿದ ಮಣಲೇರನಿಗೆ ಸಿಕ್ಕಿದ್ದು ಊರುಗಳ ಬಾಳ್ಗಚ್ಚು. ಬದುಕಿದವನಿಗೆ ನೆಲ, ಸತ್ತವರಿಗೆ ಕಲ್ಲು ಎಂಬ ವಿಂಗಡಣೆ ಇಲ್ಲಿ ಢಾಳಾಗಿದೆ. ಮಣಲೇರ ಆಮೇಲೆ ಎಷ್ಟು ವರ್ಷ ಬದುಕಿದ, ತನಗೆ ಬಂದ ಊರನ್ನು ಹೇಗೆ ನೋಡಿಕೊಂಡ, ಅವನ ಮಕ್ಕಳೇನಾದರು ಎಂಬುದನ್ನು ಆ ಶಾಸನ ಹೇಳುವುದಿಲ್ಲ. ನಾಯಿ ಹೇಗೆ ಸತ್ತಿತೆಂಬುದು ಮಾತ್ರ ನಮಗೆ ಖಚಿತವಾಗಿ ಗೊತ್ತು.

ಬೆಳಗಾವಿ ಸೀಮೆಯಲ್ಲಿ ಈ ನೆಲದ ಲೆಕ್ಕ ಮರಾಠರ ಕಾಲಕ್ಕೆ ಬರುವಷ್ಟರಲ್ಲಿ ಪೂರಾ ಒಂದು ವ್ಯವಸ್ಥೆಯಾಗಿತ್ತು. ಶೇತಸನದಿ ಎಂದರೆ ಸನದಿನ ಮೂಲಕ ಹೊಲ ಪಡೆದು, ಅದಕ್ಕೆ ಪ್ರತಿಯಾಗಿ ಸೇವೆ ಸಲ್ಲಿಸುವ ಊರಿನ ಸಿಪಾಯಿ. ದಂಡು ಕರೆದಾಗ ಕತ್ತಿ ಹಿಡಿದು ಹೋಗಬೇಕು. ಉಳಿದ ದಿನಗಳಲ್ಲಿ ವಸೂಲಾದ ಕಂದಾಯದ ಹಣವನ್ನು ಕಚೇರಿಗೆ ಕಾವಲಿನಲ್ಲಿ ಮುಟ್ಟಿಸಬೇಕು, ಊರು ಕಾಯಬೇಕು, ಅಧಿಕಾರಿ ಹೇಳಿದ ಕಡೆ ಹೋಗಬೇಕು. ಆ ಹೊಲದಲ್ಲಿಯೇ ಅವನ ಸಂಸಾರ ನಡೆಯುತ್ತಿತ್ತು, ಅವನ ನಂತರ ಮಗ ಅದೇ ಕೆಲಸಕ್ಕೆ ನಿಲ್ಲುತ್ತಿದ್ದ. ಸಿಪಾಯಿತನ, ಸರಕಾರಿ ಚಾಕರಿ, ಸಂಸಾರ ಎಂದು ಇಂದು ನಾವು ಬೇರೆ ಬೇರೆಯಾಗಿ ಎಣಿಸುವ ಮೂರೂ ಅವನಲ್ಲಿ ಒಂದೇ ಆಗಿದ್ದವು. ನೆನಪಿಗೆ ಪ್ರತ್ಯೇಕ ವ್ಯವಸ್ಥೆ ಬೇಕಾಗಿರಲಿಲ್ಲ, ಏಕೆಂದರೆ ಹೊಲವೇ ನೆನಪಾಗಿತ್ತು. ಈ ಭಾಗದ ಮತದಾರರ ಪಟ್ಟಿ ಬಿಚ್ಚಿದರೆ ಸನದಿ, ವಾಲೀಕಾರ, ತಳವಾರ, ಜಮಾದಾರ, ಹವಾಲ್ದಾರ, ಕಿಲ್ಲೇದಾರ ಎಂಬ ಅಡ್ಡಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಮುತ್ತಜ್ಜನ ಚಾಕರಿ ಮರಿಮಕ್ಕಳ ಆಧಾರ್ ಕಾರ್ಡಿನವರೆಗೆ ಬಂದಿದೆ. ಆದರೆ ಉಳಿದಿರುವುದು ಹುದ್ದೆಯ ಹೆಸರು ಮಾತ್ರ. ಆ ಹುದ್ದೆಯಲ್ಲಿದ್ದ ಮನುಷ್ಯರು ಒಬ್ಬರ ಹಿಂದೆ ಒಬ್ಬರು ಅದರಲ್ಲಿ ಕರಗಿಹೋಗಿದ್ದಾರೆ.

ಇಂಥ ಒಬ್ಬ ಮನುಷ್ಯನ ಹೆಸರು ಮಾತ್ರ ನಾಡಿಗೆಲ್ಲ ಗೊತ್ತು. ಸಂಗೊಳ್ಳಿ ರಾಯಣ್ಣ. ಅವನ ಕಥೆಯನ್ನು ನಾವು ಹೇಳುವ ರೀತಿಯೇ ನನ್ನ ವಾದಕ್ಕೆ ದೊಡ್ಡ ಆಧಾರ. 1824ರಲ್ಲಿ ಕಿತ್ತೂರು ಇಂಗ್ಲಿಷರ ವಿರುದ್ಧ ನಿಂತಾಗ ಅವನು ಆ ಯುದ್ಧದಲ್ಲಿದ್ದ. ಕಿತ್ತೂರು ಬಿದ್ದ ಮೇಲೆ ಸೆರೆಸಿಕ್ಕು ಬಿಡುಗಡೆಯಾಗಿ ಊರಿಗೆ ಮರಳಿದ. 1829ರ ಕೊನೆಗೆ ಮತ್ತೆ ದಂಗೆ ಎದ್ದು, 1830ರಲ್ಲಿ ಸಿಕ್ಕಿಬಿದ್ದು, 1831ರ ಜನೆವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಲಾವಣಿ, ನಾಟಕ, ಸಿನಿಮಾ ಎಲ್ಲದರಲ್ಲಿಯೂ ಎರಡು ಭಾಗ ದೊಡ್ಡದು: ಕಿತ್ತೂರಿನ ಕಾಳಗ ಮತ್ತು ನಂದಗಡದ ಗಲ್ಲು. ನಡುವಿನ ಐದು ವರ್ಷಗಳಲ್ಲಿ ಅವನು ಏನಾಗಿದ್ದ? ಸೋತ ಪಕ್ಷದಿಂದ ಮರಳಿ ಬಂದ ಸಿಪಾಯಿ, ಊರಿನ ಶೇತಸನದಿ, ಒಬ್ಬ ತಾಯಿಯ ಮಗ. ಹೊಸ ಸರಕಾರದ ಕಂದಾಯ ಲೆಕ್ಕದಲ್ಲಿ ಅವನ ಇನಾಮು ಹೊಲದ ಮೇಲೆ ಕೈಬಿತ್ತು, ಊರ ಕುಲಕರ್ಣಿಯ ಜೊತೆ ಜಗಳವಾಯಿತು ಎಂಬುದು ಇತಿಹಾಸಕಾರರೂ ಜನಪದರೂ ಹೇಳುವ ಮಾತು. ಹಾಗಾದರೆ 1829ರ ದಂಗೆಯ ಒಂದು ಬೀಜ ಆ ಐದು ವರ್ಷಗಳಲ್ಲಿಯೇ ಇದೆ. ಮರಳಿ ಬಂದ ಸಿಪಾಯಿಯೊಡನೆ ಕಚೇರಿ ಹೇಗೆ ನಡೆದುಕೊಂಡಿತು ಎಂಬುದು ಅಲ್ಲಿ ನಿರ್ಣಾಯಕ. ಅದನ್ನು ಬಿಟ್ಟು ಗಲ್ಲಿನ ಮರವನ್ನಷ್ಟೇ ಪೂಜಿಸಿದರೆ ರಾಯಣ್ಣನ ಶೌರ್ಯ ತಿಳಿದೀತು, ಅವನ ಕಾರಣ ತಿಳಿಯುವುದಿಲ್ಲ.

ಸಾಮಾನ್ಯ ಸಿಪಾಯಿಯ ಗತಿ ಇದಾದರೆ ಸರದಾರನದು ಬೇರೆ ಇತ್ತೇ? ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಾಯಿಕ ನಿಂಬಾಳಕರರನ್ನೇ ತೆಗೆದುಕೊಳ್ಳಿ. ಪೇಶ್ವೆಯಿಂದ ಸರಲಷ್ಕರ ಪದವಿ ಪಡೆದವರು, ಕೊಲ್ಹಾಪುರದವರ ಜೊತೆ ಚಿಕ್ಕೋಡಿ ಮನೋಳಿಗಾಗಿ ಬಡಿದಾಡಿದವರು, 1803ರ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಜೊತೆ ಪೇಶ್ವೆಯ ಕುದುರೆ ದಳದೊಂದಿಗೆ ಇದ್ದವರು. ಎಲ್ಲ ಯುದ್ಧಗಳಿಂದಲೂ ಜೀವಂತ ಮರಳಿದರು. 1839ರಲ್ಲಿ ತೀರಿಕೊಂಡಾಗ ಕಂಪನಿ ಒಪ್ಪುವಂಥ ವಾರಸುದಾರನಿಲ್ಲದೆ ಸಂಸ್ಥಾನ ಸರಕಾರಕ್ಕೆ ಸೇರಿತು. ನೆಲವೇ ನೆನಪಾಗಿದ್ದ ವ್ಯವಸ್ಥೆಯಲ್ಲಿ ವಂಶ ನಿಂತರೆ ನೆನಪೂ ನಿಲ್ಲುತ್ತದೆ. ಅವರ ದಂಡಿನ ಬದುಕನ್ನು ಇಂದು ಹುಡುಕುವವನು ವೆಲ್ಲೆಸ್ಲಿಯ ಪತ್ರಗಳಲ್ಲಿ ಬರುವ ‘ಅಪ್ಪಾ ದೇಸಾಯಿ’ಯನ್ನು ಹಿಂಬಾಲಿಸಬೇಕು. ಅಲ್ಲಿ ಸಿಗುವುದು ಎಷ್ಟು ಕುದುರೆ, ಎಂಥ ನಂಬಿಕೆ ಎಂಬಂಥ ಲೆಕ್ಕ. ಬರೆದಿಟ್ಟವನು ತನ್ನ ಕೆಲಸಕ್ಕೆ ಬೇಕಾದಷ್ಟನ್ನೇ ಬರೆದಿಟ್ಟ. ಅದು ಅವನ ತಪ್ಪಲ್ಲ.

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ಸೇವೆಯನ್ನು ಹೊಲಕ್ಕೂ ವಂಶಕ್ಕೂ ಕಟ್ಟಿದ ಈ ವತನ ಪದ್ಧತಿಯನ್ನು ನೆನಪಿನ ಸಂಪ್ರದಾಯವೆಂದು ಹೊಗಳಬಹುದೇ? ಅದು ಜಾತಿಯ ಕಟ್ಟಲ್ಲವೇ? ಹೌದು. ಪಾಟೀಲನಿಗೂ ಕುಲಕರ್ಣಿಗೂ ವತನ ಅಧಿಕಾರವಾಗಿದ್ದರೆ ಮಹಾರರಿಗೆ ಅದು ಬಿಟ್ಟಿ ಚಾಕರಿ. ತುಂಡು ಹೊಲಕ್ಕೂ ಕಣದಲ್ಲಿ ಸಿಗುವ ಕಾಳಿಗೂ ಇಡೀ ಮನೆತನ ಹಗಲು ರಾತ್ರಿಯೆನ್ನದೆ ಕರೆದ ಕಡೆ ಓಡಬೇಕಿತ್ತು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1918ರಲ್ಲಿ, ಶಾಹೂ ಮಹಾರಾಜರು ಕುಲಕರ್ಣಿ ವತನ ತೆಗೆದು ಸಂಬಳದ ತಲಾಠಿಗಳನ್ನು ನೇಮಿಸಿದರು, ಮಹಾರ ವತನವನ್ನೂ ರದ್ದುಪಡಿಸಿದರು. ಇಂಗ್ಲಿಷರ ಆಳಿಕೆಯ ಚಿಕ್ಕೋಡಿ, ಅಥಣಿ ಕಡೆ 1874ರ ವತನ ಕಾಯ್ದೆ ಗಟ್ಟಿಯಾಗಿ ಕುಳಿತಿತ್ತು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಬಹಿಷ್ಕೃತರ ಪ್ರಾಂತಿಕ ಪರಿಷತ್ತಿನ ಅಧ್ಯಕ್ಷತೆ ವಹಿಸಿದ ಡಾ. ಬಿ.ಆರ್. ಅಂಬೇಡ್ಕರ್ ಮೂರು ವರ್ಷಗಳ ನಂತರ, 1928ರಲ್ಲಿ, ಮುಂಬಯಿ ಶಾಸನಸಭೆಯಲ್ಲಿ ಆ ಕಾಯ್ದೆಗೆ ತಿದ್ದುಪಡಿ ಮಂಡಿಸಿದರು. ಕೊನೆಗೆ ಕರ್ನಾಟಕದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಊರ ಚಾಕರಿ ಮುಗಿಯಿತು. ಮುಗಿದದ್ದು ಸರಿ. ನಾನು ಹೇಳುತ್ತಿರುವುದು ಇಷ್ಟೇ: ಆ ವ್ಯವಸ್ಥೆಯನ್ನು ತೆಗೆದಾಗ ಅದರೊಳಗೆ ಅಡಗಿದ್ದ ನೆನಪಿನ ಕೆಲಸವನ್ನು ಯಾರಿಗೂ ವಹಿಸಿಕೊಡಲಿಲ್ಲ. ಮನೆತನದ ಬದಲು ವ್ಯಕ್ತಿ ಸೇವೆ ಸಲ್ಲಿಸುವ ಕಾಲ ಬಂದಿತು. ವ್ಯಕ್ತಿಯ ಚರಿತ್ರೆ ಬರೆಯುವ ರೂಢಿ ಮಾತ್ರ ಬರಲಿಲ್ಲ.

ಅಂಬೇಡ್ಕರರ ತಂದೆಯ ಬದುಕೇ ಇದಕ್ಕೆ ಒಳ್ಳೆಯ ಉದಾಹರಣೆ. ರಾಮಜಿ ಸಕ್ಪಾಳ ಸೇನೆಯಲ್ಲಿ ಸುಬೇದಾರರಾಗಿದ್ದರು, ಸೇನೆಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ ಪಾಠ ಹೇಳಿದರು. ನಿವೃತ್ತಿಯ ನಂತರ ಸಾತಾರಾ ಕಡೆ ಸರಕಾರಿ ಕೆಲಸಕ್ಕೆ ಸೇರಿ, ಬರಗಾಲದ ಕೆರೆ ಕಾಮಗಾರಿಯಲ್ಲಿ ಕೂಲಿಗಾರರಿಗೆ ಹಣ ಬಟವಾಡೆ ಮಾಡುವ ಕ್ಯಾಶಿಯರ್ ಆದರು. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓದಿಸಿದರು. ಮಗನ ಪುಸ್ತಕದ ಹಸಿವಿಗೆ ಸಾಲ ಮಾಡಿದರು, 1913ರಲ್ಲಿ ತೀರಿಕೊಂಡರು. ಸಿಪಾಯಿ, ಸರಕಾರಿ ನೌಕರ, ಸಂಸಾರಸ್ಥ ಎಂಬ ಮೂರೂ ಮಾತು ಇವರಿಗೆ ಪೂರ್ತಿ ಒಪ್ಪುತ್ತವೆ. ಅವರು ಯುದ್ಧದಲ್ಲಿ ಸತ್ತಿರಲಿಲ್ಲವಾದ್ದರಿಂದ ಕಲ್ಲಿಲ್ಲ. ಮಗ ಬರೆಯದಿದ್ದರೆ, ಮಗನ ಚರಿತ್ರೆಕಾರರು ಕೆದಕದಿದ್ದರೆ ಅವರ ಹೆಸರು ಪಿಂಚಣಿ ಪಟ್ಟಿಯಲ್ಲಿ ಮುಗಿದುಹೋಗುತ್ತಿತ್ತು. ನಿವೃತ್ತ ಸುಬೇದಾರನೊಬ್ಬ ಸಂಜೆ ಹೊತ್ತು ಮಕ್ಕಳಿಗೆ ಹೇಳಿಕೊಟ್ಟ ಪಾಠ ದೇಶದ ಇತಿಹಾಸವನ್ನು ಬದಲಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ರಣರಂಗದ ಆಚೆಗಿನ ಬದುಕಿಗೆ ಇತಿಹಾಸವಿಲ್ಲ ಎನ್ನುವವರು ಈ ಸಂಜೆಗಳನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೆ?

ಇಂಗ್ಲಿಷರ ಸೇನೆ ಸ್ಮರಣೆಗೆ ಒಂದು ಹೊಸ ಕಟ್ಟಳೆ ತಂದಿತು. ಮೊದಲ ಮಹಾಯುದ್ಧದಲ್ಲಿ 103 ಮತ್ತು 110ನೆಯ ಮರಾಠಾ ಪಲ್ಟಣಗಳು ಮೆಸೊಪೊಟೇಮಿಯಾದ ಕೂತ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು. 1916ರ ಏಪ್ರಿಲ್ 29ರಂದು ಅಲ್ಲಿಯ ಪಡೆ ಶರಣಾಯಿತು, ಉಳಿದವರು ತುರ್ಕರ ಸೆರೆಯಾಳಾಗಿ ನಡೆದರು. ಯುದ್ಧ ಮುಗಿದ ಮೇಲೆ ಸಿಪಾಯಿಗಳನ್ನು ಕೊಟ್ಟ ಹಳ್ಳಿಗಳಲ್ಲಿ ಸರಕಾರ ಅಮೃತಶಿಲೆಯ ಫಲಕ ನೆಟ್ಟಿತು. ಈ ಊರಿನಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂದು ಅದರಲ್ಲಿ ಎರಡೇ ಅಂಕಿ. ಹೆಸರಿಲ್ಲ. ಆದರೂ ಒಂದು ಅಂಕಿಯಿಂದ ಇನ್ನೊಂದನ್ನು ಕಳೆದರೆ ಮರಳಿ ಬಂದವರ ಸಂಖ್ಯೆ ಸಿಗುತ್ತದೆ. ನಮ್ಮ ಸ್ಮಾರಕಗಳ ಇತಿಹಾಸದಲ್ಲಿ ಬದುಕಿದವರು ಲೆಕ್ಕಕ್ಕೆ ಬಂದದ್ದು ಹೀಗೆ, ಕಳೆಯುವ ಲೆಕ್ಕದ ಉತ್ತರವಾಗಿ. 1922ರ ಪುನರ್ರಚನೆಯ ನಂತರ ಮರಾಠಾ ಪಡೆಯ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ನೆಲೆಗೊಂಡಿತು. 1941ರ ಅಕ್ಟೋಬರಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಾಗಿಲು ಮುಚ್ಚಿಸಿಕೊಂಡಿದ್ದ ಮಹಾರರಿಗೆ ತಮ್ಮದೇ ರೆಜಿಮೆಂಟಿನ ಮೊದಲ ಪಲ್ಟಣ ಇದೇ ಬೆಳಗಾವಿಯಲ್ಲಿ ಹುಟ್ಟಿತು. ವತನದ ಚಾಕರಿಯಿಂದ ಸಂಬಳದ ಚಾಕರಿಗೆ, ಜಾತಿಯ ಕೆಲಸದಿಂದ ರ‍್ಯಾಂಕಿನ ಕೆಲಸಕ್ಕೆ ದಾಟಿದ ಆ ತಲೆಮಾರಿನವರು ಊರಿಗೆ ಮರಳಿದಾಗ ಚಹದಂಗಡಿಯಲ್ಲಿ, ಬಾವಿಯ ಕಟ್ಟೆಯಲ್ಲಿ, ಶಾಲೆಯ ಹಾಜರಿಯಲ್ಲಿ ಏನು ಬದಲಾಯಿತು? ಈ ಪ್ರಶ್ನೆಗೆ ಉತ್ತರ ರೆಜಿಮೆಂಟಿನ ಇತಿಹಾಸದಲ್ಲಿ ಸಿಗದು. ಅದು ಮರಳಿ ಬಂದವರ ಬದುಕಿನಲ್ಲಿದೆ.

ಇನ್ನೊಂದು ಆಕ್ಷೇಪ ನೇರವಾದದ್ದು. ಪ್ರಾಣ ಕೊಟ್ಟವನೂ ಪಿಂಚಣಿ ತೆಗೆದುಕೊಂಡವನೂ ಒಂದೇ ಏನು? ಒಂದೇ ಅಲ್ಲ. ಹುತಾತ್ಮನ ಪುತ್ಥಳಿಯನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ. ಪ್ರಶ್ನೆ ಇರುವುದು ತಿಳಿವಳಿಕೆಯದು. ಸೇನೆಗೆ ಹೋದವರಲ್ಲಿ ಬಹುಪಾಲು ಜನ ಮರಳಿ ಬರುತ್ತಾರೆ. 2022ಕ್ಕಿಂತ ಮೊದಲು ಭರ್ತಿಯಾದ ಸಿಪಾಯಿಗೆ ಪಿಂಚಣಿ ಸಿಗಲು ಹದಿನೈದು ವರ್ಷದ ಸೇವೆ ಬೇಕು. ಹದಿನೆಂಟು ಇಪ್ಪತ್ತಕ್ಕೆ ಭರ್ತಿಯಾದವನು ನಲವತ್ತರ ಒಳಗೇ ಊರಿಗೆ ಬರುತ್ತಾನೆ. ಆಮೇಲೆ ಮಾಜಿ ಸೈನಿಕರ ಮೀಸಲಾತಿಯಲ್ಲಿ ಪೊಲೀಸ್ ಠಾಣೆ, ತಹಶೀಲ್ದಾರ ಕಚೇರಿ, ಅಂಚೆ, ಬ್ಯಾಂಕು, ಸಾರಿಗೆ ಸಂಸ್ಥೆ ಎಂದು ಎರಡನೆಯ ಸೇವೆ ಶುರುವಾಗುತ್ತದೆ. ಅದು ಮೊದಲನೆಯದಕ್ಕಿಂತ ಉದ್ದ. ಒಂದು ಊರು ಗಡಿಯಲ್ಲಿ ಕಳೆದ ಹದಿನೇಳು ವರ್ಷವನ್ನು ನೆನಪಿಟ್ಟು ಕಚೇರಿಯಲ್ಲಿ ಕಳೆದ ಇಪ್ಪತ್ತು ವರ್ಷವನ್ನು ಮರೆತರೆ ಅದು ನೆನಪಿಟ್ಟದ್ದು ಸಮವಸ್ತ್ರವನ್ನು, ಮನುಷ್ಯನನ್ನಲ್ಲ. ಅವನು ಗಡಿಯಲ್ಲಿದ್ದಾಗ ಇಲ್ಲಿ ಕಬ್ಬಿಗೆ ನೀರು ಬಿಟ್ಟು, ಅತ್ತೆ ಮಾವಂದಿರನ್ನು ನೋಡಿಕೊಂಡು, ಮನಿಆರ್ಡರಿನ ಹಣದಲ್ಲಿ ಮಕ್ಕಳ ಫೀ ಕಟ್ಟಿದ ಹೆಂಡತಿಯಂತೂ ಯಾವ ಫ್ಲೆಕ್ಸಿನಲ್ಲೂ ಇಲ್ಲ. ಮಾಸ್ತಿಗಲ್ಲಿನ ನಿಯಮ ಅವಳ ವಿಷಯದಲ್ಲಿ ಇನ್ನೂ ನಡೆದಿದೆ.

ಮನೆಯವರು ಬರೆದರೆ ಹೊಗಳಿಕೆಯಾಗುತ್ತದೆ, ಇತಿಹಾಸವಾಗುವುದಿಲ್ಲ ಎಂಬ ಅನುಮಾನವೂ ಇದೆ. ಅದಕ್ಕೆ ಕಾರಣವಿಲ್ಲದಿಲ್ಲ. ಆದರೆ ಸಿಪಾಯಿಯ ಬದುಕು ಬೇರೆಯವರ ಬದುಕಿಗಿಂತ ಹೆಚ್ಚು ಕಾಗದ ಬಿಟ್ಟುಹೋಗುತ್ತದೆ. ಡಿಸ್ಚಾರ್ಜ್ ಪುಸ್ತಕದಲ್ಲಿ ಭರ್ತಿಯಾದ ದಿನ, ಪಲ್ಟಣ, ಪದಕ, ನಡತೆ ಎಲ್ಲ ಇರುತ್ತದೆ. ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರಿರುತ್ತದೆ. ಎರಡನೆಯ ನೌಕರಿಯ ಸೇವಾ ಪುಸ್ತಕದಲ್ಲಿ ವರ್ಗಾವಣೆ, ಬಡ್ತಿ, ಕೆಲವೊಮ್ಮೆ ನೋಟೀಸೂ ಇರುತ್ತದೆ. ಹೊಲದ ಉತಾರದಲ್ಲಿ ಕೊಂಡದ್ದು ಮಾರಿದ್ದು, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಕ್ಕಳು ಸೇರಿದ ದಿನ ಸಿಗುತ್ತದೆ. ಹೊಗಳಿಕೆಯನ್ನು ಈ ಕಾಗದಗಳ ಪಕ್ಕಕ್ಕಿಟ್ಟು ನೋಡಿದರೆ ಕಾಳೂ ಜೊಳ್ಳೂ ಬೇರೆಯಾಗುತ್ತವೆ. ವೀರಗಲ್ಲೂ ಹೊಗಳಿಕೆಯೇ, ಅದನ್ನು ಸೋಸಿಯೇ ನಾವು ರಾಷ್ಟ್ರಕೂಟರ ಇತಿಹಾಸ ಬರೆದಿದ್ದೇವೆ.

ಕೆಲಸ ದೊಡ್ಡದಲ್ಲ, ದುಬಾರಿಯೂ ಅಲ್ಲ. ಹಾರೂಗೇರಿ ಪುರಸಭೆಯಿರಲಿ, ಅಥಣಿ ಕಾಗವಾಡದ ಗ್ರಾಮ ಪಂಚಾಯಿತಿಗಳಿರಲಿ, ತಮ್ಮ ಗ್ರಂಥಾಲಯದಲ್ಲಿ ಒಂದು ದಪ್ಪ ರಿಜಿಸ್ಟರು ಇಡಲಿ. ಊರಿನ ಪ್ರತಿ ಮಾಜಿ ಸೈನಿಕನಿಗೂ ಅದರಲ್ಲಿ ನಾಲ್ಕು ಪುಟ: ಒಂದು ಸೇನೆಗೆ, ಒಂದು ನೌಕರಿಗೆ, ಒಂದು ಮನೆಗೆ, ಒಂದು ಹೆಂಡತಿಯ ಮಾತಿಗೆ. ಯಾವ ಜಾತಿಯವನೇ ಆಗಲಿ ಪುಟಗಳ ಲೆಕ್ಕ ಒಂದೇ ಇರಲಿ. ಹೈಸ್ಕೂಲಿನ ಮಕ್ಕಳಿಗೆ ಬರೆದುಕೊಳ್ಳುವ ಕೆಲಸ ಕೊಟ್ಟರೆ ಅವರಿಗೂ ಇತಿಹಾಸ ಎಲ್ಲಿಂದ ಬರುತ್ತದೆಂದು ತಿಳಿದೀತು. ಮನೆಯಲ್ಲಿ ಅಂಥ ಹಿರಿಯರು ಇದ್ದವರು ಪಂಚಾಯಿತಿಗಾಗಿ ಕಾಯಬೇಕಾಗಿಯೂ ಇಲ್ಲ. ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಪುಸ್ತಕವನ್ನು ಈ ವಾರವೇ ಹೊರತೆಗೆಯಿರಿ, ಅದರಲ್ಲಿ ಇಲ್ಲದ್ದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.